ಮೂರ್ನೇ ಹಾಸ್ಗೆ ಯಾರ್ದು?

ಮಕ್ಕಳ ರಿಸಲ್ಟು ಬಂದು, ಇಂಟರ್‌ವ್ಯೂ, ಸೀಟು, ಕೆಲಸಕ್ಕೆ ಸೇರ್ಕಳದು ಅಂತ ಓಡಾಟ ಸುರುವಾಯ್ತು ಅಂದ್ರ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಹೆಂಗಸ್ರು ಕೇಳೋ ಮಾತು ಒಂದೇ. "ಅಕ್ಕ, ಬೆಂಗ್ಳೂರಲ್ಲಿ ಒಂದು ರಾತ್ರಿ ಉಳ್ಕಳಕ್ಕೆ ಕಮ್ಮಿ ರೇಟಲ್ಲಿ ಎಲ್ಲಿ ರೂಮು ಸಿಕ್ತದ?" ರೇಟನ್ನ ಎಲ್ರೂವೆ ಮೊದಲು ಕೇಳ್ತಾರ. ಹೋಗೋರು ಎಷ್ಟು ಜನ, ಅದ್ರಲ್ಲಿ ಯಾರು ಎಲ್ಲಿ ಮಲಗ್ತಾರ ಅನ್ನೋದನ್ನ ಯಾರೂ ಕೇಳಲ್ಲ. ಇವತ್ತು ನಾನು ಬರೀತಿರೋದು ಅದೇ ವಿಚಾರ ಕನ್ರವ್ವ.

ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬುಡ್ತೀನಿ. ಅಪ್ಪ ಅವ್ವ ಸೇರಿ ಬೆಳೆದ ಮಗಳನ್ನೋ ಮಗನನ್ನೋ ಕರ್ಕಂಡು ಪಟ್ಣಕ್ಕೆ ಹೋದ್ರ, ಅಲ್ಲಿ ಇರೋರು ಮೂರು ಜನ ದೊಡ್ಡೋರು. ಮೂರು ಜನಕ್ಕೆ ಮೂರು ಹಾಸ್ಗೆ ಬೇಕು. ಯಾರ ಕೆಲಸಕ್ಕೆ ಅಂತ ಹೋಗಿದ್ದೀವೋ ಅವರ ಹಾಸ್ಗೆ ಮೊದಲು ಲೆಕ್ಕಕ್ಕೆ ಬರಬೇಕು. ದುಡ್ಡು ಸಾಲದು ಅಂದ್ರ ಹೋಗೋ ಜನ ಕಮ್ಮಿ ಮಾಡಿ, ಹಾಸ್ಗೆ ಕಮ್ಮಿ ಮಾಡ್ಬೇಡಿ.

ಇದೇನು ದೊಡ್ಡ ಮಾತು ಅಂತೀರಾ? ನಮ್ಮ ಮನೆಗಳಲ್ಲಿ ನಡೆಯೋದನ್ನ ವಸಿ ನೋಡಿ. ಗಂಡು ಹುಡುಗ ಪರೀಕ್ಷೆಗೆ ಹೋಗ್ತಾನ ಅಂದ್ರ ಅವನು ಸ್ನೇಹಿತರ ಜೊತೆ ಹಿಂದಿನ ದಿನವೇ ಹೊರಟು ಹೋಗ್ತಾನ. ನಾಲ್ಕು ಜನ ಸೇರಿ ಒಂದು ರೂಮು ಹಿಡೀತಾರ, ಖರ್ಚು ಹಂಚ್ಕತಾರ. ಹೆಣ್ಣು ಹುಡುಗಿ ಅಂದ್ರ ಹಂಗಲ್ಲ. ಅಪ್ಪ ಜೊತೆಗೆ ಬೇಕು, ಅಪ್ಪ ಒಬ್ಬನೇ ಆದ್ರ ಸರಿಯಾಗಲ್ಲ ಅಂತ ಅವ್ವನೂ ಬೇಕು. ಒಬ್ಬಳ ಕೆಲಸಕ್ಕೆ ಮೂರು ಜನ ಹೊರಟ್ರು. ಖರ್ಚು ಮೂರು ಪಟ್ಟು ಆಯ್ತು. ಆಗ ಮನೆಯೋರು ಏನಂತಾರ? "ರೂಮು ಗೀಮು ಯಾಕ, ಬೆಳಗ್ಗೆ ಮೊದಲ್ನೇ ಬಸ್ಸಿಗೆ ಹೋದ್ರ ಆಯ್ತದ. ಹೆಂಗಸ್ರಿಗೆ ಟಿಕೀಟೂ ಇಲ್ಲ." ಜೊತೆಗೆ ಬರ್ತೀವಿ ಅಂತ ಹಟ ಹಿಡಿದೋರು ನಾವು, ಅದರ ಖರ್ಚನ್ನ ನಿದ್ದೆ ಕೆಟ್ಟು ತೀರಿಸೋಳು ಅವಳು. ಇದು ನ್ಯಾಯವೇ?

ಮೊದಲ್ನೇ ಬಸ್ಸಿನ ಲೆಕ್ಕ ಹಾಕಿ. ಕೊಳ್ಳೇಗಾಲದಿಂದ ಮಳವಳ್ಳಿ, ಕನಕಪುರದ ಮೇಲೆ ಬೆಂಗ್ಳೂರಿಗೆ ಮೂರೂವರೆ ನಾಲ್ಕು ಗಂಟೆ ದಾರಿ. ನಮಗೆ ರೈಲು ಅಂತೂ ಇಲ್ಲ. ಪರೀಕ್ಷೆ ಹಾಲಿಗೆ ಎಂಟೂವರೆಗೆ ಇರಬೇಕು ಅಂದ್ರ, ಬೆಂಗ್ಳೂರೊಳಗಿನ ಓಡಾಟ ಒಂದು ಗಂಟೆ ಸೇರಿಸಿ, ನಡುರಾತ್ರಿ ಮೂರೂವರೆಗೆ ಕೊಳ್ಳೇಗಾಲ ಬುಡಬೇಕು. ಯಳಂದೂರಿನೋರು ಅದಕ್ಕಿಂತ ಮುಂಚೆ ಎದ್ದಿರಬೇಕು. ಹನೂರಿಂದಾಚೆ ಕೌದಳ್ಳಿ, ರಾಮಾಪುರದ ಕಡೆಯೋರಿಗಂತೂ ಕೊಳ್ಳೇಗಾಲ ಮುಟ್ಟೋದೇ ಒಂದು ಪ್ರಯಾಣ. ಅಷ್ಟೊತ್ತಿಗೆ ಹೊರಡಬೇಕು ಅಂತ ಆ ಹುಡುಗಿ ರಾತ್ರಿ ಮಲಗೇ ಇರಲ್ಲ. ಬಸ್ಸಲ್ಲಿ ತೂಕಡಿಸ್ಕಂಡು, ಮುಖ ತೊಳೆಯಕ್ಕೂ ಜಾಗ ಇಲ್ಲದೆ, ತಿಂಗಳಿನ ದಿನ ಆಗಿದ್ರ ಅದೂ ಒಂದು ಕಷ್ಟ ಸೇರ್ಕಂಡು, ಹೋಗಿ ಕೂತ್ಕಂಡು ಮೂರು ಗಂಟೆ ಪರೀಕ್ಷೆ ಬರೀಬೇಕು. ವರ್ಷಗಟ್ಟಲೆ ಫೀಸು ಕಟ್ಟಿ ಓದಿಸಿ, ಕೊನೇ ರಾತ್ರಿಯ ಸಾವಿರದ ಚಿಲ್ರೆಯಲ್ಲಿ ಉಳಿತಾಯ ಮಾಡಕ್ಕೆ ಹೋಗ್ತೀವಿ.

ಟಿಕೀಟಿನ ಮಾತು ಬಂತಲ್ಲ, ಅದನ್ನೇ ಹಿಡ್ಕಳಣ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹೆಂಗಸ್ರಿಗೆ ಟಿಕೀಟಿಗೆ ದುಡ್ಡಿಲ್ಲ. ರಾಜಹಂಸ, ಐರಾವತದಂತ ಬಸ್ಸಿಗೆ ಇಲ್ಲ, ಕೆಂಪು ಬಸ್ಸಿಗೆ ಉಂಟು. ಅವ್ವ, ಮಗಳು ಇಬ್ಬರ ಹೋಗೋ ಬರೋ ನಾಲ್ಕು ಟಿಕೀಟಿನ ದುಡ್ಡು ಮನೇಲೇ ಉಳೀತು. ಅದು ಯಾರ ಹೆಸರಲ್ಲಿ ಉಳಿದ ದುಡ್ಡು? ನಮ್ಮಿಬ್ಬರ ಹೆಸರಲ್ಲಿ. ಹಂಗಾದ್ರ ಅದು ಮಗಳ ಹಾಸ್ಗೆಗೆ ಹೋಗಲಿ ಅನ್ನೋದು ನನ್ನ ವಾದ. ಸಾಸಿವೆ ಡಬ್ಬಿಲಿ ದುಡ್ಡಿಡೋ ಕೈ ನಮ್ದು, ಈ ಲೆಕ್ಕ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ.

ಇನ್ನು ಕೆಲವರು ಅಂತಾರ, ನೆಂಟರ ಮನೆ ಅದಲ್ಲ ಅಂತ. ಇರ್ಲಿ, ನೆಂಟರು ಬೇಕು. ಆದ್ರ ನೆಂಟರ ಮನೆ ಅಂದ್ರ ಬಾಡಿಗೆ ಇಲ್ಲದ ಲಾಡ್ಜಲ್ಲ. ಬೆಂಗ್ಳೂರಲ್ಲಿ ಒಂದು ರೂಮು, ಒಂದು ಅಡುಗೆಮನೆ ಇರೋ ಮನೇಲಿ ಅವರೇ ನಾಲ್ಕು ಜನ ಇರ್ತಾರ. ನಾವು ಮೂರು ಜನ ಹೋದ್ರ ಆ ಮನೆ ಹೆಣ್ಣುಮಗಳು ಕೆಲಸದಿಂದ ಬಂದು ಏಳು ಜನಕ್ಕೆ ಬೇಯಿಸಬೇಕು. ನಾವೂ ಬರಿಗೈಲಿ ಹೋಗಕ್ಕಾಗಲ್ಲ. ತೆಂಗಿನಕಾಯಿ, ಹಣ್ಣು, ಮಕ್ಕಳಿಗೆ ತಿಂಡಿ, ಹೊರಡುವಾಗ ಕೈಗೆ ದುಡ್ಡು. ಅದೂ ಖರ್ಚೇಯ. ಎಲ್ಲಕ್ಕಿಂತ ಮುಖ್ಯ, ರಾತ್ರಿ ಹನ್ನೊಂದರ ತನಕ ಹುಡುಗಿಗೆ ಪ್ರಶ್ನೆ. ಪರ್ಸೆಂಟೇಜ್ ಎಷ್ಟು ಬಂತು, ಸಂಬಳ ಎಷ್ಟಂತೆ, ಮದುವೆ ಯಾವಾಗ ಮಾಡ್ತೀರಿ. ಮಾರ್ನೆ ದಿನ ಇಂಟರ್‌ವ್ಯೂ ಇರೋಳಿಗೆ ಹಿಂದಿನ ರಾತ್ರಿಯೇ ಒಂದು ಇಂಟರ್‌ವ್ಯೂ ಆಗ್ಬುಡ್ತದ. ಕೆಲಸ ಮುಗಿಸ್ಕಂಡು ವಾಪಸ್ ಬರುವಾಗ ಅವರ ಮನೆಗೆ ಹೋಗಿ, ಕಾಫಿ ಕುಡ್ದು, ಸಮಾಧಾನವಾಗಿ ಮಾತಾಡಿ ಬನ್ನಿ. ಅವರಿಗೂ ಸಂತೋಷ, ನಮಗೂ ಸಂತೋಷ.

ನಮ್ಮ ಕಡೆ ಇನ್ನೊಂದು ತೊಡಕು, ಆ ಪದವೇ. ಹೋಟ್ಲು ಅಂದ್ರ ನಮಗೆ ಇಡ್ಲಿ ಕಾಫಿ. ಮಲಗೋ ಜಾಗಕ್ಕೆ ಲಾಡ್ಜು ಅಂತೀವಿ, ಲಾಡ್ಜು ಅಂದ ತಕ್ಷಣ ಮೂಗು ಮುರೀತೀವಿ. ವಯಸ್ಸಿಗೆ ಬಂದ ಮಗಳನ್ನ ಕರ್ಕಂಡು ಲಾಡ್ಜಿಗೆ ಹೋದ್ರಂತೆ ಅಂತ ಯಾರಾದ್ರೂ ಅಂದಾರು ಅನ್ನೋ ಭಯ. ದೂರದೂರಿಂದ ಬಂದೋರಿಗೆ ತಲೆ ಊರಕ್ಕೆ ಜಾಗ ಬೇಕು ಅಂತಲೇ ಗುಬ್ಬಿ ತೋಟದಪ್ಪನವರ ಛತ್ರ ಬೆಂಗ್ಳೂರು ರೈಲ್ವೆ ಸ್ಟೇಷನ್ ಹತ್ರ 1903ರಲ್ಲೇ ಬಾಗಿಲು ತೆಗೀತು. ಅವತ್ತಿಂದ ಇವತ್ತಿನ ತನಕ ಊರು ಬುಟ್ಟು ಹೋದೋರಿಗೆ ರಾತ್ರಿ ತಂಗೋ ಜಾಗ ಬೇಕೇ ಬೇಕು. ಅದ್ರಲ್ಲಿ ಮರ್ಯಾದೆ ಹೋಗೋ ವಿಷಯ ಏನೂ ಇಲ್ಲ.

"ಮಾದಪ್ಪನ ಬೆಟ್ಟದಲ್ಲಿ ನೆಲದ ಮೇಲೆ ಮಲಗಲ್ವಾ, ಹಂಗೇ ಇಲ್ಲೂ ಒಂದು ರಾತ್ರಿ" ಅಂತಾರ ಗಂಡಸ್ರು. ಮಲಗ್ತೀವಿ. ಶಿವರಾತ್ರಿ, ದೀಪಾವಳಿ ಜಾತ್ರೆಲಿ ಚಾಪೆ ಸಿಕ್ಕಿದ ಕಡೆ ಹಾಸ್ಕಂಡು, ಸೆರಗು ಹೊದ್ಕಂಡು ಮಲಗಿ ಎದ್ದು ಬಂದಿದ್ದೀವಿ. ಅಲ್ಲಿ ನಾವು ನಿದ್ದೆಗೆ ಅಂತ ಹೋಗಿರಲ್ಲ, ಹರಕೆಗೆ ಹೋಗಿರ್ತೀವಿ. ಸುತ್ತ ಸಾವಿರ ಜನ ನಮ್ಮಂಗೇ ಎದ್ದಿರ್ತಾರ. ಮಾರ್ನೆ ದಿನ ಯಾರೂ ನಮ್ಮನ್ನ ಕೂರಿಸ್ಕಂಡು ಪ್ರಶ್ನೆ ಕೇಳಲ್ಲ. ಬೆಟ್ಟದ ಲೆಕ್ಕವನ್ನ ಬೆಂಗ್ಳೂರಿಗೆ ತರಬೇಡಿ.

ಸರಿ, ರೂಮು ಹಿಡಿಯೋದು ಅಂತ ಆಯ್ತು. ಹೆಂಗೆ ಹಿಡಿಯೋದು?

ಮೊದಲ್ನೇ ಮಾತು, ಡಬಲ್ ರೂಮು ಅಂದ್ರ ಇಬ್ಬರಿಗೆ. ಮೊಬೈಲಲ್ಲಿ ರೂಮು ನೋಡುವಾಗ ಅದು ತಾನಾಗೇ ಇಬ್ಬರು ದೊಡ್ಡೋರು ಅಂತ ಹಿಡ್ಕಂಡು ರೇಟು ತೋರಿಸ್ತದ. ನೀವು ಅದನ್ನ ಮೂರು ಮಾಡಿ ನೋಡಿ, ರೇಟು ಬದಲಾಗ್ತದ. ಕೆಲವು ಕಡೆ ಮಕ್ಕಳಿಗೆ ದುಡ್ಡಿಲ್ಲ ಅಂತ ಬರೆದಿರ್ತದ. ಅದು ಸಣ್ಣ ಮಕ್ಕಳಿಗೆ, ಇಪ್ಪತ್ತೆರಡು ವರ್ಷದ ಮಗಳಿಗಲ್ಲ. ನಮಗೆ ಅವರು ಎಷ್ಟು ವರ್ಷ ಆದ್ರೂ ಮಕ್ಕಳೇ. ಕೌಂಟರ್‌ಲಿ ಕೂತಿರೋರಿಗೆ ಅವರು ಮೂರ್ನೇ ಆಳು. ಇಬ್ಬರಿಗೆ ಅಂತ ಬುಕ್ ಮಾಡಿ ಮೂರು ಜನ ಹೋಗಿ ನಿಂತ್ರ ರಾತ್ರಿ ಒಂಬತ್ತು ಗಂಟೇಲಿ ಅವರು ಕೇಳಿದಷ್ಟು ಕೊಡಬೇಕು.

ಎರಡ್ನೇ ಮಾತು, ಎಕ್ಸ್‌ಟ್ರಾ ಬೆಡ್ಡು ಅಂದ್ರ ಏನು ಅಂತ ಬಾಯಿ ಬುಟ್ಟು ಕೇಳಿ. ಬಹಳ ಕಡೆ ಅದು ಮಂಚ ಅಲ್ಲ, ನೆಲಕ್ಕೆ ಹಾಕೋ ತೆಳ್ಳನೆ ಹಾಸ್ಗೆ. ಅದನ್ನ ಹಾಸಿದ್ರ ಬಾತ್‌ರೂಮ್ ಬಾಗಿಲ ತನಕ ಬತ್ತದ, ರಾತ್ರಿ ಎದ್ದೋರು ಮಲಗಿರೋರನ್ನ ದಾಟ್ಕಂಡು ಹೋಗಬೇಕು. ಆ ಹಾಸ್ಗೆ ಮೇಲೆ ಯಾವಾಗ್ಲೂ ಮಲಗೋರು ಯಾರು ಹೇಳಿ? ಅಪ್ಪನಿಗೆ ಸೊಂಟ ನೋವು, ಅವ್ವನಿಗೆ ಮಂಡಿ ನೋವು, ಹಂಗಾಗಿ ಮಕ್ಕಳೇ. ಬೆಳಗ್ಗೆ ಕೆಲಸ ಇರೋದೂ ಅವರಿಗೇಯ. ಅದ್ಕೇ ನಾನು ಹೇಳೋದು, ಮೂರು ಮಂಚ ಇರೋ ರೂಮು ಉಂಟಾ ಅಂತ ಕೇಳಿ. ಟ್ರಿಪಲ್ ರೂಮು ಅಂತಾರ. ಯಾತ್ರೆ ಜನ, ಆಸ್ಪತ್ರೆ ಜನ ಬರೋ ಕಡೆ ಕೇಳಿದ್ರ ಸಿಗೋದು ಜಾಸ್ತಿ. ಸಿಗಲಿಲ್ಲ ಅಂದ್ರ ಸಣ್ಣ ರೂಮು ಎರಡು ಪಕ್ಕಪಕ್ಕದಲ್ಲೇ ಕೇಳಿ. ಅವ್ವ ಮಗಳು ಒಂದ್ರಲ್ಲಿ, ಅಪ್ಪ ಒಂದ್ರಲ್ಲಿ. ಮಗ ಆದ್ರ ಅಪ್ಪ ಮಗ ಒಂದ್ರಲ್ಲಿ.

ಎರಡು ರೂಮು ಅಂದ್ರ ದುಂದು ಅಂತ ಕೆಲವರು ಬೈತಾರ. ನಮ್ಮ ಮನೇಲಿ ಎಲ್ಲರೂ ಒಂದೇ ಹಾಲಲ್ಲಿ ಮಲಗಲ್ವಾ ಅಂತಾರ. ಮನೇಲಿ ಹಾಲ್ ಒಂದೇ ಇಲ್ಲ ಕನ್ರವ್ವ. ಸೀರೆ ಉಡಕ್ಕೆ ಅಡುಗೆಮನೆ ಅದ, ಬಟ್ಟೆ ಒಣಗಾಕಕ್ಕೆ ಹಿತ್ತಲು ಅದ, ಗಂಡಸ್ರು ವಸಿ ಹೊತ್ತು ಕೂರಕ್ಕೆ ಜಗಲಿ ಅದ. ಲಾಡ್ಜಲ್ಲಿ ಇರೋದು ನಾಲ್ಕು ಗೋಡೆ, ಒಂದು ಬಾಗಿಲು. ನೀರು ಸೋರೋ ಬಾತ್‌ರೂಮಲ್ಲಿ ನಿಂತ್ಕಂಡು ಚೂಡಿದಾರ ಬದಲಾಯಿಸೋ ಹುಡುಗಿ ಕಷ್ಟ ಹೊರಗೆ ಟಿವಿ ನೋಡ್ತಾ ಕೂತಿರೋ ಅಪ್ಪನಿಗೆ ಗೊತ್ತಾಗಲ್ಲ. ಅವಳೂ ಬಾಯಿ ಬುಟ್ಟು ಹೇಳಲ್ಲ. ನಾವು ಹೇಳಬೇಕು. ಎರಡ್ನೇ ರೂಮು ಆಗಲ್ಲ ಅಂದ್ರ, ಬೆಳಗ್ಗೆ ಅರ್ಧ ಗಂಟೆ ಅಪ್ಪ ಕೆಳಗೆ ಹೋಗಿ ಕಾಫಿ ಕುಡ್ಕಂಡು ಪೇಪರ್ ಓದ್ಲಿ. ಅದಕ್ಕೆ ದುಡ್ಡಿಲ್ಲ.

ಮೂರ್ನೇದು ಬಾತ್‌ರೂಮು. ಇದನ್ನ ಗಂಡಸ್ರು ಫೋನಲ್ಲಿ ಕೇಳಲ್ಲ, ನಾಚ್ಕತಾರ. ಅದ್ಕೇ ಫೋನು ನಾವೇ ಮಾಡಬೇಕು. ಕೂರೋ ಕಮೋಡು ಅದೋ, ಕುಕ್ಕರುಗಾಲಲ್ಲಿ ಕೂರೋದೋ? ಬಿಸಿನೀರು ಎಷ್ಟೊತ್ತಿಂದ ಎಷ್ಟೊತ್ತಿನ ತನಕ? ಕೆಲವು ಕಡೆ ಆರರಿಂದ ಒಂಬತ್ತು ಅಂತ ಇಡ್ತಾರ, ನಮ್ಮ ಹುಡುಗಿ ಐದೂವರೆಗೆ ಸ್ನಾನ ಮಾಡಬೇಕಾದ್ರ ಏನು ಗತಿ? ರೂಮು ಯಾವ ಅಂತಸ್ತಿನಲ್ಲಿ, ಲಿಫ್ಟು ಅದೋ ಇಲ್ವೋ? ಮಂಡಿ ನೋವಿನೋರಿಗೆ ಮೂರ್ನೇ ಅಂತಸ್ತು ಕಮ್ಮಿ ರೇಟಿಗೆ ಸಿಕ್ಕಿದ್ರೂ ದುಬಾರಿಯೇ. ರೂಮಿಗೆ ಹೋದ ತಕ್ಷಣ ಚೀಲ ಇಳಿಸೋಕೂ ಮುಂಚೆ ಮೂರು ನೋಡಿ. ಬಾಗಿಲಿಗೆ ಒಳಗಿಂದ ಗಟ್ಟಿ ಚಿಲಕ ಅದಾ, ಬಾತ್‌ರೂಮಿಗೆ ಚಿಲಕ ಅದಾ, ಕಿಟಕಿ ಮುಚ್ಚಿದ್ರ ಪೂರ್ತಿ ಮುಚ್ಚುತ್ತದಾ. ಸರಿ ಇಲ್ಲ ಅಂದ್ರ ಬೇರೆ ರೂಮು ಕೊಡಿ ಅನ್ನಿ. ಅದರಲ್ಲಿ ಸಂಕೋಚ ಏನೂ ಬೇಡ, ದುಡ್ಡು ಕೊಡೋರು ನಾವು.

ನಾಲ್ಕ್ನೇದು ಟೈಮು. ಕೆಲವು ಲಾಡ್ಜಲ್ಲಿ ಇಪ್ಪತ್ನಾಲ್ಕು ಗಂಟೆ ಲೆಕ್ಕ. ಸಂಜೆ ಆರಕ್ಕೆ ಹೋದ್ರ ಮಾರ್ನೆ ದಿನ ಸಂಜೆ ಆರರ ತನಕ ನಿಮ್ದು. ಇನ್ನು ಕೆಲವು ಕಡೆ ನೀವು ಯಾವಾಗ್ಲೇ ಹೋಗಿ, ಮಾರ್ನೆ ದಿನ ಹನ್ನೊಂದೋ ಹನ್ನೆರಡೋ ಆಗುತ್ಲೂ ಖಾಲಿ ಮಾಡಬೇಕು. ಪರೀಕ್ಷೆ ಮುಗಿಯೋದು ಮಧ್ಯಾಹ್ನ ಎರಡಕ್ಕೆ ಆದ್ರ ಆಗ ಚೀಲ ಎಲ್ಲಿಡ್ತೀರಿ? ಚೀಲ ಕೌಂಟರ್ ಹತ್ರ ಇಟ್ಕತಾರಾ ಅಂತ ಮೊದ್ಲೇ ಕೇಳ್ಕಳಿ.

ಇನ್ನು ರೇಟಿನ ವಿಚಾರ. ರೇಟು ಕೇಳುವಾಗ ಟ್ಯಾಕ್ಸ್ ಸೇರಿಸಿ ಎಷ್ಟು ಅಂತ ಕೇಳಿ. ಮೊದ್ಲು ದಿನಕ್ಕೆ ಸಾವಿರ ರೂಪಾಯಿ ತನಕದ ರೂಮಿಗೆ ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ 12 ಪರ್ಸೆಂಟು ಹಾಕಿದ್ರು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿ ತನಕದ ರೂಮಿಗೆ 5 ಪರ್ಸೆಂಟಿಗೆ ಇಳಿದದ. ಅಂದ್ರ 1,500 ರೂಪಾಯಿ ರೂಮಿಗೆ ಟ್ಯಾಕ್ಸು 75 ರೂಪಾಯಿ. ಹಳೇ ಲೆಕ್ಕದಲ್ಲಿ 180 ಕೇಳಿದ್ರ ಯಾಕ ಅಂತ ಕೇಳಿ.

ಕಮ್ಮಿ ರೇಟಿನ ರೂಮು ಯಾವಾಗ್ಲೂ ಕಮ್ಮಿ ಖರ್ಚಿನ ರೂಮಲ್ಲ. ಒಂದು ಲೆಕ್ಕ ಹಾಕಿ ನೋಡಣ. ದೂರದಲ್ಲಿ 1,100ರ ಡಬಲ್ ರೂಮು ಸಿಕ್ತು ಅಂತಿಟ್ಕಳಿ. ಮೂರ್ನೇಯೋರ ಹಾಸ್ಗೆಗೆ 300, ಟ್ಯಾಕ್ಸು 70, ಒಟ್ಟು 1,470. ಬಸ್ಸಿಳಿದು ರೂಮಿಗೆ ಆಟೋ 250, ಬೆಳಗ್ಗೆ ರೂಮಿಂದ ಪರೀಕ್ಷೆ ಜಾಗಕ್ಕೆ 350. ಆಯ್ತಲ್ಲ 2,070. ಮೆಟ್ರೋ ಹತ್ರ ಮೂರು ಮಂಚದ ರೂಮು 1,800, ಟ್ಯಾಕ್ಸು 90, ಮೂರು ಜನದ ಮೆಟ್ರೋ ಒಟ್ಟು 90 ಅಂತಿಟ್ಕಂಡ್ರೂ 1,980. ಏಳುನೂರು ರೂಪಾಯಿ ಜಾಸ್ತಿ ಅಂತ ಕಂಡ ರೂಮಲ್ಲಿ ತೊಂಬತ್ತು ರೂಪಾಯಿ ಉಳೀತು, ಮೂರು ಜನವೂ ಮಂಚದ ಮೇಲೆ ಮಲಗಿದ್ರು. ನಿಮ್ಮ ಊರು, ನಿಮ್ಮ ರೇಟು ಹಾಕ್ಕಂಡು ಇದೇ ಲೆಕ್ಕ ಮಾಡಿ ನೋಡಿ.

ಬೆಂಗ್ಳೂರು ಅಂದ್ರ ನಮ್ಮೋರಿಗೆ ಮೆಜೆಸ್ಟಿಕ್ಕೇ ಗೊತ್ತಿರೋದು. ಅಲ್ಲಿ ರೂಮುಗಳು ಬೇಕಾದಷ್ಟವ, ಗದ್ದಲವೂ ಬೇಕಾದಷ್ಟು ಅದ. ಆದ್ರ ಕನಕಪುರದ ಮೇಲೆ ಹೋಗೋ ನಮ್ಮ ಬಸ್ಸಿಗೆ ಬೆಂಗ್ಳೂರು ಸುರುವಾಗೋದೇ ಕನಕಪುರ ರಸ್ತೇಲಿ. 2021ರಿಂದ ಆ ರಸ್ತೇಲಿ ರೇಷ್ಮೆ ಸಂಸ್ಥೆ ಅನ್ನೋ ಮೆಟ್ರೋ ಸ್ಟೇಷನ್ ಅದ. ರೇಷ್ಮೆ ಊರಿನೋರಿಗೆ ಹೆಸರು ಮರೆಯಲ್ಲ ಬುಡಿ. ಕಂಡಕ್ಟರ್ ನಿಲ್ಲಿಸ್ತೀನಿ ಅಂದ್ರ ಅಲ್ಲೇ ಇಳಿದು ಹಸಿರು ಲೈನ್ ಹತ್ತಿದ್ರ ಬನಶಂಕರಿ, ಜಯನಗರ, ಮೆಜೆಸ್ಟಿಕ್ಕು ಎಲ್ಲಾ ಒಂದೇ ದಾರಿ. ಎಲೆಕ್ಟ್ರಾನಿಕ್ ಸಿಟಿಲಿ ಇಂಟರ್‌ವ್ಯೂ ಅಂದ್ರ ಆರ್.ವಿ. ರೋಡ್ ಸ್ಟೇಷನ್‌ಲಿ ಹಳದಿ ಲೈನಿಗೆ ಬದಲಾಯಿಸ್ಕಳಿ, ಅದು 2025ರ ಆಗಸ್ಟಿಂದ ಓಡ್ತಾ ಅದ. ವೈಟ್‌ಫೀಲ್ಡ್ ಕಡೆಗಾದ್ರ ಮೆಜೆಸ್ಟಿಕ್ಕಲ್ಲಿ ನೇರಳೆ ಲೈನು. ಹಂಗಾಗಿ ಕೆಲಸ ಇರೋ ಜಾಗದ ಪಕ್ಕದಲ್ಲೇ ರೂಮು ಬೇಕು ಅಂತಿಲ್ಲ. ಬನಶಂಕರಿ, ಜಯನಗರದ ಕಡೆ ಮೆಟ್ರೋಗೆ ನಡ್ಕಂಡು ಹೋಗೋ ದೂರದಲ್ಲಿ ಹಿಡಿದ್ರ ಹೋಗಕ್ಕೂ ಸರಿ, ವಾಪಸ್ ಬಸ್ಸಿಗೂ ಸರಿ. ರೂಮಿನ ಸುತ್ತ ರಾತ್ರಿ ಊಟಕ್ಕೆ ಒಂದು ದರ್ಶಿನಿ ಇದ್ರ ಇನ್ನೂ ಒಳ್ಳೇದು. ಇಲ್ಲ ಅಂದ್ರ ಮೊದಲ್ನೇ ರಾತ್ರಿಗೆ ಪುಳಿಯೋಗರೆ ಕಟ್ಕಂಡು ಹೋಗದಂತೂ ನಮಗೆ ಗೊತ್ತೇ ಅದ.

ಮೈಸೂರಿನ ಕೆಲಸ ಆದ್ರ ಬಹಳ ಸಲ ರೂಮೇ ಬೇಡ, ಹೋಗಿ ಸಂಜೆಗೆ ಬರಬಹುದು. ಉಳಿಯಲೇಬೇಕು ಅಂದ್ರ ದಸರಾ ದಿನ ತಪ್ಪಿಸ್ಕಳಿ, ಆಗ ರೇಟು ಮುಗಿಲಲ್ಲಿರ್ತದ. ರೈಲಲ್ಲಿ ಮುಂದಕ್ಕೆ ಹೋಗೋರು ಸ್ಟೇಷನ್‌ನ ವಿಶ್ರಾಂತಿ ಕೊಠಡಿ ನೋಡಬಹುದು, ಅದಕ್ಕೆ ರೈಲು ಟಿಕೀಟಿನ ಪಿಎನ್‌ಆರ್ ನಂಬರ್ ಬೇಕು. ಬಸ್ಸಲ್ಲಿ ಹೋಗೋ ನಮಗೆ ಅದು ಸಿಗಲ್ಲ.

ಗುರುತಿನ ಚೀಟಿ ಮೂರು ಜನದ್ದೂ ಇರಲಿ. ಅಪ್ಪನ ಆಧಾರ್ ಒಂದೇ ಸಾಕು ಅನ್ಕಬೇಡಿ, ಬೆಳೆದ ಮಕ್ಕಳನ್ನ ಅವರು ಬೇರೆ ಆಳು ಅಂತಲೇ ಬರ್ಕತಾರ. ಜೆರಾಕ್ಸು ಕೊಡಕ್ಕೆ ಹೆದರಿಕೆ ಇದ್ರ ಮೊದಲ ಎಂಟು ನಂಬರ್ ಮುಚ್ಚಿ ಕೊನೇ ನಾಲ್ಕು ಮಾತ್ರ ಕಾಣೋ ಆಧಾರ್ ಅದೇ ಇಲಾಖೆ ವೆಬ್‌ಸೈಟಲ್ಲಿ ಸಿಕ್ತದ, ಮಕ್ಕಳ ಕೈಲಿ ತೆಗೆಸಿ ಇಟ್ಕಳಿ. ಇನ್ನೊಂದು, ಬೆಂಗ್ಳೂರಲ್ಲೇ ಕೆಲಸ ಮಾಡೋ ಮಗ ಅಲ್ಲಿನ ವಿಳಾಸಕ್ಕೆ ಆಧಾರ್ ಮಾಡಿಸ್ಕಂಡಿದ್ರ, ಅದೇ ಊರಿನ ವಿಳಾಸದೋರಿಗೆ ರೂಮು ಕೊಡಲ್ಲ ಅನ್ನೋ ಕಡೆಗಳೂ ಉಂಟು. ಅದನ್ನೂ ಫೋನಲ್ಲೇ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೂ "ನಮ್ಮ ಕೈಲಿ ಅಷ್ಟಾಗಲ್ಲ ಅಕ್ಕ" ಅನ್ನೋರು ಇರ್ತಾರ. ಆ ಮಾತು ಸುಳ್ಳಲ್ಲ. ಕೂಲಿ ಮಾಡಿ ಓದಿಸೋ ಮನೆಗೆ ಎರಡು ಸಾವಿರ ಅಂದ್ರ ವಾರದ ಸಂಸಾರ. ಅವರಿಗೆ ನಾನು ಹೇಳೋದು, ಮೂರು ಜನ ಯಾಕ ಹೋಗಬೇಕು? ಅವ್ವ ಮಗಳು ಇಬ್ಬರೇ ಹೋಗಿ. ಬಸ್ಸಿಗೆ ಇಬ್ಬರಿಗೂ ದುಡ್ಡಿಲ್ಲ, ಡಬಲ್ ರೂಮಲ್ಲಿ ಇಬ್ಬರಿಗೂ ಮಂಚ. ಎಕ್ಸ್‌ಟ್ರಾ ಹಾಸ್ಗೆ ಇಲ್ಲ, ಬಟ್ಟೆ ಬದಲಾಯಿಸೋ ಕಷ್ಟ ಇಲ್ಲ. ಅಪ್ಪ ಒಂದು ದಿನ ಹಸ ಕರು ನೋಡ್ಕಂಡು, ಅನ್ನ ಸಾರು ಬಿಸಿ ಮಾಡ್ಕಂಡು ಮನೇಲಿರ್ಲಿ. ಗಂಡಸು ಜೊತೇಲಿಲ್ಲ ಅಂದ್ರ ಯಾರು ಏನಂದಾರು ಅನ್ನೋದನ್ನ ಒಂದು ಸಲ ದಾಟಿದ್ರ ಆಯ್ತು. ರೂಮಿಗೆ ಫೋನು ಮಾಡಿ ಇಷ್ಟೆಲ್ಲ ಕೇಳೋ ಹೆಂಗಸಿಗೆ ಬೆಂಗ್ಳೂರು ಬಸ್ಸು ಇಳಿಯೋದು ಕಷ್ಟವಾ?

ಆ ಮಕ್ಕಳನ್ನೂ ಲೆಕ್ಕದಲ್ಲಿ ಸೇರಿಸ್ಕಳಿ. ರೂಮು ಹುಡುಕೋದು ಅವಳು ಮೊಬೈಲಲ್ಲಿ ಮಾಡ್ಲಿ, ಪ್ರಶ್ನೆ ಕೇಳೋದು ನಾವು ಮಾಡಣ. ನಾಳೆ ಅವಳು ಕೆಲಸದ ಮೇಲೆ ಇನ್ನೊಂದೂರಿಗೆ ಒಬ್ಬಳೇ ಹೋಗುವಾಗ ಚಿಲಕ ನೋಡೋದು, ಟ್ಯಾಕ್ಸ್ ಕೇಳೋದು ಅವಳಿಗೆ ಬಂದಿರ್ತದ. ಜೊತೇಲಿ ಹೋಗೋದು ಕಾವಲಿಗೆ ಅಂತ ತಿಳ್ಕಂಡ್ರ ಖರ್ಚು, ಕಲಿಸೋದಕ್ಕೆ ಅಂತ ತಿಳ್ಕಂಡ್ರ ಅದೂ ಒಂದು ಓದು.

ಮುಂದಿನ ಸಲ ರೂಮಿಗೆ ಫೋನು ಮಾಡಿದಾಗ "ಗಂಡ ಹೆಂಡ್ತಿ, ಜೊತೇಲಿ ಒಂದು ಹುಡುಗಿ" ಅನ್ಬೇಡಿ. "ನಾವು ಮೂರು ಜನ ದೊಡ್ಡೋರು, ಮೂರು ಮಂಚ ಬೇಕು" ಅನ್ನಿ.